ಜ್ವರದ ವಾರ್ಡಿನಲ್ಲಿ ಆಡಬಾರದ ಮಾತು

೧೯೪೪ ಮಾರ್ಚ್ ೬, ಸೋಮವಾರ

ಇಂದಿನಿಂದ ನನಗೆ ಜ್ವರದ ವಾರ್ಡು. ಜೊತೆಯ ನರ್ಸ್ ಎಸ್ತರ್ ಸತ್ತು ಖಾಲಿಯಾದ ಜಾಗಕ್ಕೆ ನನ್ನನ್ನು ಹಾಕಿದ್ದಾರೆ. ಇಡೀ ಆಸ್ಪತ್ರೆಯಲ್ಲಿ ಬೇರೆ ನರ್ಸೇ ಸಿಗಲಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಮೇಟ್ರನ್ ಕನ್ನಡಕದ ಮೇಲಿಂದ ನೋಡಿದರು, ಮುಚ್ಚಿಕೊಂಡೆ.

ಎಸ್ತರ್ ನನಗಿಂತ ಎತ್ತರ, ನನಗಿಂತ ಬಲ. ತುಂಬಿದ ಬಕೆಟ್ಟುಗಳನ್ನು ಎರಡು ಕೈಯಲ್ಲೂ ಎತ್ತಿಕೊಂಡು ಹಾಡು ಗುನುಗುತ್ತಾ ನಡೆಯುವವಳು. ಇಲ್ಲಿನ ರೋಗಿಗಳಿಂದಲೇ ಟೈಫಾಯ್ಡ್ ಅಂಟಿಕೊಂಡು, ಇದೇ ವಾರ್ಡಿನ ಮೂಲೆಯ ಮಂಚದಲ್ಲಿ ಕಳೆದ ತಿಂಗಳು ಹೋದಳು. ಆ ಮಂಚದ ಮೇಲೆ ಈಗ ಇನ್ನೊಬ್ಬಳು ಮಲಗಿದ್ದಾಳೆ. ಅದರ ಹತ್ತಿರ ಹೋದಾಗಲೆಲ್ಲ ಉಸಿರು ಬಿಗಿಹಿಡಿದೆ.

ಲೈಸಾಲ್ ಔಷಧಿಯ ನೀರಿನಲ್ಲಿ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಸುಲಿದಿದೆ. ಸಂಜೆ ಕ್ವಾರ್ಟರ್ಸಿಗೆ ಬಂದವಳೇ ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಂಡೆ. ಥರ್ಮಾಮೀಟರ್ ಬಾಯಿಗಿಟ್ಟುಕೊಂಡೆ. ಜ್ವರವಿಲ್ಲ. ಊಟವಾದ ಮೇಲೆ ಮತ್ತೆ ಇಟ್ಟುಕೊಂಡೆ. ನನಗೆ ಸಾಯಲು ಇಷ್ಟವಿಲ್ಲ. ಬರೆಯಲು ನಾಚಿಕೆಯೇಕೆ, ಓದುವವಳು ನಾನೊಬ್ಬಳೇ. ನನಗೆ ಸಾಯಲು ಸುತರಾಂ ಇಷ್ಟವಿಲ್ಲ.

ಕಣ್ಣಿನ ವಾರ್ಡಿಗೆ ಹಾಕಿ ಎಂದು ಮೇಟ್ರನ್ನನ್ನು ಬೇಡಿಕೊಂಡೆ. “ನ್ಯೂ ಗರ್ಲ್ ಬರ್ಲಿ, ದೆನ್ ಐ ವಿಲ್ ಸೀ,” ಎಂದರು. ಕಣ್ಣಿನ ವಾರ್ಡಿನಲ್ಲಿ ಯಾರೂ ಸಾಯುವುದಿಲ್ಲ.

ಮಾರ್ಚ್ ೯, ಗುರುವಾರ

ಈ ವಾರ್ಡಿಗೆ ಒಂದೇ ವೇದವಾಕ್ಯ: ರೋಗಿಯ ಹೊಟ್ಟೆಗೆ ನೀರಿನಂಥದ್ದು ಬಿಟ್ಟು ಬೇರೇನೂ ಹೋಗಕೂಡದು. ಈ ಜ್ವರದಲ್ಲಿ ಕರುಳು ಹುಣ್ಣಾಗಿ ನೆನೆದ ಕಾಗದದ ಹಾಗೆ ಆಗಿರುತ್ತದಂತೆ. ಒಂದು ತುತ್ತು ಅನ್ನ ಇಳಿದರೂ ಹರಿದುಹೋಗಬಹುದು, ಹರಿದರೆ ಡಾಕ್ಟರ ಕೈಯಲ್ಲೂ ಏನೂ ಇಲ್ಲ. ಜ್ವರ ಇಳಿಯುವಾಗ ರೋಗಿಗೆ ರಾಕ್ಷಸ ಹಸಿವು, ಅಪಾಯವೂ ಆಗಲೇ ಹೆಚ್ಚು. ಬಾರ್ಲಿ ನೀರು, ಹಾಲು, ಮಜ್ಜಿಗೆಯ ತಿಳಿ ಅಷ್ಟೇ. ಡಾಕ್ಟರು ಇಂಗ್ಲಿಷಿನಲ್ಲಿ ನಮಗೆ ಹೇಳುತ್ತಾರೆ. ಅದನ್ನು ಕನ್ನಡ, ತಮಿಳು, ದಖ್ಖನಿ ಮೂರರಲ್ಲೂ ರೋಗಿಗಳ ಮನೆಯವರ ತಲೆಗೆ ತುಂಬುವುದು ನಮ್ಮ ಪಾಡು. ಅವರು ಹೂಂಗುಟ್ಟುತ್ತಾರೆ, ಮರುದಿನ ಸೆರಗಿನಲ್ಲಿ ಮುದ್ದೆ ಕಟ್ಟಿಕೊಂಡು ಬರುತ್ತಾರೆ. ಆಯಾ ವೆಂಕಟಮ್ಮ ಬಾಗಿಲಲ್ಲೇ ಕೂತು ಒಬ್ಬೊಬ್ಬರ ಸೊಂಟ ತಡವಿ ಒಳಗೆ ಬಿಡುತ್ತಾಳೆ.

ಇವತ್ತು ಕೃಷ್ಣರಾಜಪುರದ ಪಿಳ್ಳಮ್ಮ ಗುಣವಾಗಿ ಮನೆಗೆ ಹೊರಟಳು. ಗಂಡ ಬೈಲಪ್ಪ ಎತ್ತಿನ ಗಾಡಿ ತಂದಿದ್ದ. ನನಗೂ ಖುಷಿಯಾಗಿತ್ತು. ಬಾಗಿಲವರೆಗೆ ಕೈಹಿಡಿದು ನಡೆಸಿಕೊಂಡು ಬಂದು, “ಹೋಗಿ ಬನ್ನಿ ಪಿಳ್ಳಮ್ಮ,” ಎಂದುಬಿಟ್ಟೆ.

ವೆಂಕಟಮ್ಮ ನನ್ನ ಬೆನ್ನಿಗೆ ಸರಿಯಾಗಿ ಒಂದು ಕೊಟ್ಟಳು. “ಅಯ್ಯೋ ನಿನ್ ಬಾಯಿಗೆ ಮಣ್ಣ್ ಹಾಕ! ಇಲ್ಲಿಗೆ ವಾಪಸ್ ಬನ್ನಿ ಅಂತೀಯೇನೇ?”

ಆಗ ಹೊಳೆಯಿತು. ಮನೆಯಲ್ಲಿ ಯಾರಿಗೂ ಬರೀ ‘ಹೋಗಿ’ ಎನ್ನಬಾರದು, ‘ಹೋಗಿ ಬನ್ನಿ’ ಎನ್ನಬೇಕು. ಹುಟ್ಟಿದಾಗಿನಿಂದ ಅಮ್ಮ ನಾಲಿಗೆಗೆ ಕಟ್ಟಿಹಾಕಿದ ಮಾತು ಅದು. ಆಸ್ಪತ್ರೆಯಲ್ಲಿ ಮಾತ್ರ ಎಲ್ಲವೂ ತಿರುಗುಮುರುಗು. ಪಿಳ್ಳಮ್ಮ ನಕ್ಕಳು. ಬೈಲಪ್ಪ ನಗಲಿಲ್ಲ.

ಮಾರ್ಚ್ ೨೧, ಮಂಗಳವಾರ

ಪಿಳ್ಳಮ್ಮ ವಾಪಸ್ ಬಂದಿದ್ದಾಳೆ.

ಜ್ವರ ಮರುಕಳಿಸಿದೆ. ಟೈಫಾಯ್ಡಿನಲ್ಲಿ ಹೀಗಾಗುವುದುಂಟು, ನೂರಾರು ಸಲ ಕಂಡಿದ್ದೇನೆ ಎಂದು ಡಾಕ್ಟರು ಹೇಳಿದರು. ಸದಾ ವಟಗುಟ್ಟುವ ವೆಂಕಟಮ್ಮ ಇವತ್ತು ನನ್ನತ್ತ ನೋಡದೆ ನೆಲ ಒರೆಸಿದಳು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮಾರ್ಚ್ ೨೪, ಶುಕ್ರವಾರ

ಮಧ್ಯಾಹ್ನ ಪಿಳ್ಳಮ್ಮ ಹೋದಳು. ಕರುಳಿನಿಂದ ರಕ್ತ ಹೋಯಿತು, ಹಾಸಿಗೆಯೆಲ್ಲ ನೆನೆಯಿತು. ನನ್ನ ಕೈಯಲ್ಲಿ ಬಟ್ಟೆಯಿತ್ತು, ಒರೆಸಬೇಕಿತ್ತು, ಆಗಲಿಲ್ಲ. ಕಣ್ಣು ಮುಚ್ಚಿಸಿ, ದವಡೆ ಕಟ್ಟಿ, ಕಾಲು ಜೋಡಿಸುವುದು ನರ್ಸಿನ ಕೆಲಸ. ನಾನು ಬಟ್ಟೆಬರೆ ಇಡುವ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಎಲ್ಲವನ್ನೂ ವೆಂಕಟಮ್ಮನೇ ಮಾಡಿದಳು.

ಹೊರಗೆ ಬಂದಾಗ ಬೈಲಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಲ್ಲಗೆ, “ನೀವೇ ಅಲ್ವೇನಮ್ಮಾ, ಹೋಗ್ ಬನ್ನಿ ಅಂದೋರು,” ಎಂದ. ಅಷ್ಟೇ ಎಂದು ಟವೆಲ್ಲು ಕೊಡವಿಕೊಂಡು ಎದ್ದುಹೋದ.

ಮಾರ್ಚ್ ೨೫, ಶನಿವಾರ

ಜ್ವರವಿಲ್ಲ. ನಾಲಿಗೆ ಬೆಳ್ಳಗಿದೆ ಅನಿಸುತ್ತದೆ. ಹೊಟ್ಟೆಯಲ್ಲಿ ಏನೋ ತಿರುಚಿದಂತೆ. ಮುಂದಿನವಳು ನಾನೇ.

ಮಾರ್ಚ್ ೨೬, ಭಾನುವಾರ

ರಜಾ ಸಿಕ್ಕಿತೆಂದು ಜೋಗುಪಾಳ್ಯದ ಮನೆಗೆ ಹೋಗಿದ್ದೆ. ಹಬ್ಬದ ಹೋಳಿಗೆ ಉಳಿದಿತ್ತು, ಅಮ್ಮ ಬಿಸಿಮಾಡಿ ಬಡಿಸಿದಳು. ಒಂದೇ ತುಂಡು ತಿಂದು ಬಿಟ್ಟೆ. ತಟ್ಟೆ, ಲೋಟ ಯಾವುದನ್ನೂ ಅಮ್ಮನಿಗೆ ಮುಟ್ಟಲು ಬಿಡದೆ ನಾನೇ ಕುದಿಯುವ ನೀರಲ್ಲಿ ತೊಳೆದೆ. ಅಮ್ಮನಿಗೆ ಎಲ್ಲಾ ಅರ್ಥವಾಯಿತು. “ಆ ಕೆಲ್ಸಾನೇ ಬಿಟ್ಬಿಡು ಶಾಂತಾ. ಎಸ್ತರ್ ತಾಯಿ ಥರ ನಾನೂ ಆಸ್ಪತ್ರೆ ಬಾಗ್ಲಲ್ಲಿ ಕೂತ್ಕೊಳೋ ಹಾಗ್ ಮಾಡ್ಬೇಡ,” ಎಂದಳು. ಕಣ್ಣಿನ ವಾರ್ಡಿಗೆ ಹಾಕುತ್ತಾರೆ, ಸ್ವಲ್ಪ ತಾಳು ಎಂದೆ.

ಹೊರಡುವಾಗ ಎಂದಿನಂತೆ ಹೊಸ್ತಿಲಲ್ಲಿ ನಿಂತಳು, ನನ್ನ ಮಾತಿಗೆ ಕಾಯುತ್ತಾ. ‘ಹೋಗಿ ಬರ್ತೀನಮ್ಮ’ ಎನ್ನಬೇಕು. ಬಾಯಿಗೆ ಬರಲಿಲ್ಲ. ನನ್ನ ಬಾಯಿಂದ ಆ ಮಾತು ಬಂದರೆ ಏನಾಗುತ್ತದೆ ಎಂದು ಕಂಡಿದ್ದೆನಲ್ಲ. ತಲೆಯಲ್ಲಾಡಿಸಿ ಹೊರಟುಬಂದೆ. “ಬಾಯಿಗೇನಾಗಿದ್ಯೇ ನಿಂಗೆ!” ಎಂದು ಅಮ್ಮ ಬೀದಿ ಕೊನೆಯವರೆಗೂ ಕೂಗಿದಳು. ಹಲಸೂರು ಕೆರೆ ದಾಟುವವರೆಗೂ ಅತ್ತೆ.

ಏಪ್ರಿಲ್ ೩, ಸೋಮವಾರ

ವಾರ್ಡಿನಲ್ಲಿ ನನಗೊಂದು ಹೆಸರು ಬಿದ್ದಿದೆ: ‘ಹೋಗ್ಬನ್ನಿ ಸಿಸ್ಟರ್’. ಗುಣವಾದವರು ನನ್ನ ಡ್ಯೂಟಿ ಮುಗಿಯಲೆಂದು ಕಾದು, ನಾನು ಅತ್ತ ಹೋದ ಮೇಲೆ ಗಂಟುಮೂಟೆ ಕಟ್ಟುತ್ತಾರೆ. ಇವತ್ತು ಒಬ್ಬಾಕೆ ನನ್ನನ್ನು ಕಂಡು ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ನಗು ಬರಬೇಕಿತ್ತು.

ಎಸ್ತರಳ ಮೂಲೆಯ ಮಂಚಕ್ಕೆ ಹೊಸಬಳು ಬಂದಿದ್ದಾಳೆ. ಬ್ಲ್ಯಾಕ್‌ಪಲ್ಲಿಯವಳು, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿ. ಹೆಸರು ಜಹನಾರಾ, ನನ್ನದೇ ವಯಸ್ಸು. ಗಂಡ ನಜೀರ್ ಮಿಲಿಟರಿ ಬಟ್ಟೆ ಹೊಲಿಯುವ ದರ್ಜಿ. ಜೊತೆಗೆ ಬಂದ ತಾಯಿ ಆಬಿದಾಬಿ ಬುರ್ಖಾದೊಳಗೇ ಅಳುತ್ತಿದ್ದರು. ಮನೆಯಲ್ಲಿ ವಾರವಿಡೀ ಹಕೀಮರ ಕಷಾಯ ಕುಡಿಸಿ, ಆಗದೆ ಕರೆತಂದಿದ್ದಾರೆ. ಮೈ ಕೆಂಡ. ಆದರೂ ಹುಡುಗಿಯ ಮಾತೇನು ನಿಲ್ಲುವುದಿಲ್ಲ. ಸಂಜೆ ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದವಳನ್ನು, “ಏ ಸಿಸ್ಟರ್, ಹೇಳ್ದೇ ಕೇಳ್ದೇ ಕಳ್ಳಿ ಥರ ಎಲ್ಗೆ?” ಎಂದು ಕೂಗಿದಳು. ಬೇಗ ಬೇಗ ಹೊರಬಿದ್ದೆ.

ಏಪ್ರಿಲ್ ೫, ಬುಧವಾರ

ಪಕ್ಕದ ಮಂಚದವರು ನನ್ನ ಕಥೆಯನ್ನು ಜಹನಾರಾಗೆ ಬಣ್ಣಕಟ್ಟಿ ಹೇಳಿದ್ದಾರೆ. ಮೈ ಒರೆಸಲು ಹೋದರೆ ಅವಳು ಕಿಸಕಿಸ ನಗುತ್ತಿದ್ದಾಳೆ, ಅದೂ ನೂರಾ ಮೂರರ ಮೇಲಿನ ಜ್ವರದಲ್ಲಿ.

“ದಿವಾನಿ ಹೈ ಕ್ಯಾ ತೂ, ಹುಚ್ಚೀ? ನಮ್ಮಲ್ಲೂ ಹಂಗೇ ಅಲ್ವಾ, ‘ಜಾಕೇ ಆತೂಂ’ ಅನ್ನೋದು. ತಮಿಳೋರೂ ಹಂಗೇ ಅಂತಾರೆ. ಇಡೀ ಕಂಟೋನ್ಮೆಂಟಲ್ಲಿ ಬರೀ ಹೋಗ್ತೀನಿ ಅನ್ನೋರು ಯಾರವ್ರೆ? ಅಷ್ಟಕ್ಕೇ ಸಾಯೋದಾದ್ರೆ ಊರೆಲ್ಲ ಖಾಲಿ!”

“ನಗ್ಬೇಡಿ, ಮೈಗೆ ಆಯಾಸ ಆಗತ್ತೆ,” ಎಂದೆ.

“ನೀನು ನಂಗೆ ಹೇಳ್ಬೇಡ. ನಾನ್ ಎಲ್ಲೂ ಹೋಗ್ತಿಲ್ಲ. ಸಾಯಂಕಾಲ ಹೋಗೋಳು ನೀನು. ‘ಹೋಗಿ ಬರ್ತೀನಿ’ ಅಂತ ನೀನ್ ಹೇಳು, ಬೆಳಿಗ್ಗೆ ನೀನ್ ಬಾ. ಮಾತು ನಿಂಗೆ ಅಂಟ್ಕೊಳ್ಳತ್ತೆ, ನಂಗೇನು?”

ಡ್ಯೂಟಿ ಮುಗಿದಾಗ ಮಂಚದ ಬಳಿ ಹೋಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದೆ. “ಹಾಂ, ಜಾ,” ಎಂದು ಮಹಾರಾಣಿಯಂತೆ ಕೈಬೀಸಿದಳು.

ಏಪ್ರಿಲ್ ೬, ಗುರುವಾರ

ಬೆಳಿಗ್ಗೆ ಓಡುತ್ತಲೇ ಹೋದೆ. ಇದ್ದಾಳೆ.

ಏಪ್ರಿಲ್ ೯, ಭಾನುವಾರ

ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಜಹನಾರಾಳ ಜ್ವರ ನೂರಾ ನಾಲ್ಕರ ಹತ್ತಿರದಿಂದ ಇಳಿಯುವುದೇ ಇಲ್ಲ. ನಿನ್ನೆಯಿಂದ ನನ್ನ ಗುರುತಿಲ್ಲ. ಹೊದಿಕೆಯ ಅಂಚನ್ನು ಬೆರಳಿನಿಂದ ಹೆಕ್ಕುತ್ತಾ, ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಾ ಯಾರ ಜೊತೆಯೋ ಮಾತಾಡುತ್ತಾಳೆ. ಹಾಗೆ ಹೆಕ್ಕಲು ಶುರುಮಾಡಿದರೆ ಉಳಿಯುವುದಿಲ್ಲ ಎಂದು ವೆಂಕಟಮ್ಮ ಹೇಳಿದಳು. ಬಾಯಿ ಮುಚ್ಚು ಎಂದು ಅವಳ ಮೇಲೆ ಎಗರಿದೆ. ವಯಸ್ಸಾದವಳು, ಪಾಪ. ಆಮೇಲೆ ಕಾಫಿ ತಂದುಕೊಟ್ಟೆ.

ಇವತ್ತು ಹೊತ್ತು ಪೂರಾ ಅವಳ ಮೈ ಒರೆಸಿದ್ದೇ ಆಯಿತು. ಕತ್ತು, ಕಂಕುಳು, ಕೈ, ಕಾಲು, ಮತ್ತೆ ಮೊದಲಿನಿಂದ. ಚಮಚದಲ್ಲಿ ಬಾರ್ಲಿ ನೀರು ಹಾಕಿದರೆ ಕಟವಾಯಿಯಿಂದ ಇಳಿದುಹೋಗುತ್ತದೆ. ತಲೆಯನ್ನು ತೋಳಿನ ಮೇಲೆ ಒರಗಿಸಿಕೊಂಡು ಗಂಟಲು ಸವರಿದರೆ ನುಂಗುತ್ತಾಳೆ, ಅದನ್ನು ನಾನೇ ಕಂಡುಹಿಡಿದೆ. ಒಮ್ಮೆ ನನ್ನ ಮೇಲೆಯೇ ವಾಂತಿ ಮಾಡಿದಳು. ಬಟ್ಟೆ ಬದಲಿಸಲು ಹೋದರೆ ಹೊತ್ತಾಗುತ್ತದೆಂದು ಒರೆಸಿಕೊಂಡು ಕೆಲಸ ಮಾಡಿದೆ. ಹೊರಡುವಾಗ ಅವಳಿಗೆ ಪ್ರಜ್ಞೆಯಿಲ್ಲ, ಆದರೂ ಕಿವಿಯ ಹತ್ತಿರ ಬಗ್ಗಿ ಹೋಗಿ ಬರ್ತೀನಿ ಎಂದೆ. ಹಾಳು ಹುಡುಗಿ, ಇದನ್ನೆಲ್ಲ ಅಭ್ಯಾಸ ಮಾಡಿಸಿಬಿಟ್ಟು ಈಗ ಹೀಗೆ ಮಲಗಿದ್ದಾಳೆ.

ದೇವರೇ, ಹೆದರಿಕೆಯಾಗುತ್ತಿದೆ.

ಏಪ್ರಿಲ್ ೧೩, ಗುರುವಾರ

ನನ್ನ ಗುರುತು ಹಿಡಿದಳು! “ಎಷ್ಟ್ ಕಪ್ಪಗಾಗಿದೀಯಾ,” ಎಂದಳು. ಅದೇ ಮೊದಲ ಮಾತು. ಜ್ವರ ಬೆಳಿಗ್ಗೆ ನೂರಾ ಎರಡಕ್ಕಿಳಿದಿದೆ.

ಮೇಟ್ರನ್ ಕರೆದು, ಹೊಸ ಹುಡುಗಿ ಬಂದಿದ್ದಾಳೆ, ಸೋಮವಾರದಿಂದ ನಿನಗೆ ಕಣ್ಣಿನ ವಾರ್ಡು ಎಂದರು. ಒಂದು ವಾರ ಬಿಟ್ಟು ನೋಡೋಣ ಎಂದೆ. ಅರ್ಧ ಹಾಸಿದ ಹಾಸಿಗೆಯನ್ನು ಹಾಗೇ ಬಿಟ್ಟು ಬಂದಿದ್ದೆ, ಆ ಅವಸರದಲ್ಲಿ ಹಾಗೆಂದೆ. ಸೋಪು ಮತ್ತೆ ಮುಗಿದಿದೆ. ಎಲ್ಲಾ ಸೋಪೂ ಯುದ್ಧಕ್ಕೇ ಹೋಗುತ್ತದೋ ಏನೋ.

ಏಪ್ರಿಲ್ ೧೬, ಭಾನುವಾರ

ಜ್ವರ ಸಂಜೆಯೂ ನೂರನ್ನು ದಾಟಲಿಲ್ಲ. ಈಗ ಹಸಿವಿನ ಕಾಟ. ಜಹನಾರಾ ಬೆಳಗಿನಿಂದ ನನ್ನನ್ನು ಬೈಯುತ್ತಿದ್ದಾಳೆ. ಹೊರಗೆ ಯಾರೋ ಬನ್ನು ಮಾರುವವನು ಕೂಗಿದರೆ ಅವಳ ಕಣ್ಣಲ್ಲಿ ನೀರು. “ಬಾರ್ಲಿ ಪಾನಿ ನಿನ್ ತಲೇ ಮೇಲ್ ಸುರೀತೀನಿ ನೋಡು,” ಎಂದು ಲೋಟ ಎತ್ತಿದಳು. ಸುರಿದಳು ಕೂಡ, ಸ್ವಲ್ಪ.

ಸಾಯಂಕಾಲ ಆಬಿದಾಬಿ ಮಗಳ ಮೊಣಕೈ ಮೂಳೆ ಸವರಿಕೊಂಡು ಅತ್ತರು. “ನೀರು ಕುಡ್ದು ಜೀವ ನಿಲ್ತದಾ ಮಾ? ಮಗು ಊಟ ಊಟ ಅಂತದೆ,” ಎಂದರು. ಈ ಹೊತ್ತೇ ಅಪಾಯದ್ದು ಎಂದು ನನಗೆ ಗೊತ್ತು. ಅವರನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ, ಎರಡೂ ಕೈ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದೆ: “ಅಮ್ಮಾ, ಗಟ್ಟಿ ಏನೂ ಕೊಡ್ಬೇಡಿ. ಗಟ್ಟಿ ಕೊಟ್ರೆ ಪ್ರಾಣಕ್ಕೇ ಅಪಾಯ.”

“ಗಟ್ಟಿ ಕೊಡಲ್ಲ ಮಾ. ಖುದಾ ಆಣೆ, ಗಟ್ಟಿ ಕೊಡಲ್ಲ,” ಎಂದರು.

ಸಮಾಧಾನವಾಯಿತು. ಆಣೆ ಇಟ್ಟ ಮೇಲೆ ಮುಗಿಯಿತು. ಇನ್ನು ಎರಡು ವಾರ ಕಳೆದರೆ ಮನೆಗೆ ಹೋಗುತ್ತಾಳೆ. ಆಗ ಏನು ಹೇಳಿ ಕಳಿಸಲಿ ಎಂದು ಈಗಲೇ ಯೋಚನೆ.

ಏಪ್ರಿಲ್ ೧೮, ಮಂಗಳವಾರ

ಬೆಳಿಗ್ಗೆ ಹೋಗುವಷ್ಟರಲ್ಲಿ ಮುಖ ಬೆಳ್ಳಗಾಗಿ, ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದಳು. ಹೊಟ್ಟೆ ಹಲಗೆಯಂತೆ ಬಿಗಿದಿದೆ. ಡಾಕ್ಟರು ಒಂದು ಸಲ ಮುಟ್ಟಿ ನೋಡಿ ಕೈ ತೆಗೆದರು. ಕರುಳು ಹರಿದಿದೆ. ಕೊಯ್ದು ಹೊಲಿಯಲು ಮೈಯಲ್ಲಿ ತ್ರಾಣವಿಲ್ಲ. “ಏನೋ ತಿನ್ಸಿದಾರೆ,” ಎಂದರು. ನಾನು ಹೇಳಿದ್ದೇನೆ, ಆಣೆ ಇಟ್ಟಿದ್ದಾರೆ, ಸಾಧ್ಯವೇ ಇಲ್ಲ ಎಂದೆ.

ಆಬಿದಾಬಿ ಹೊರಗೆ ಕೂತಿದ್ದರು. ನನ್ನನ್ನು ಕಂಡು ಅವರೇ ಎದ್ದುಬಂದರು. “ಯಾಕ್ ಮಾ ನೋವು? ನಿನ್ನೆ ಸಾಯಂಕಾಲ ಚೆನ್ನಾಗಿತ್ತು. ನಾನು ಕಿಚಡಿ ತಂದೆ, ನಾಲ್ಕು ತುತ್ತು ತಿಂತು, ಖುಷಿಯಿಂದ ತಿಂತು.”

ನಿನ್ನೆ ವೆಂಕಟಮ್ಮ ರಜೆಯಲ್ಲಿದ್ದಳು. ನನಗೂ ಮಧ್ಯಾಹ್ನದ ಮೇಲೆ ಡ್ಯೂಟಿ ಇರಲಿಲ್ಲ. ಹೊಸ ಹುಡುಗಿ ಬುರ್ಖಾ ತಡವಿ ನೋಡಲು ಸಂಕೋಚಪಟ್ಟಳಂತೆ.

ಆಬಿದಾಬಿ ನನ್ನ ಮುಖ ನೋಡಿ ಗಾಬರಿಯಾದರು. “ಗಟ್ಟಿ ಅಲ್ಲ ಮಾ! ನೀವ್ ಹೇಳಿದ್ದು ಮರ್ತಿಲ್ಲ. ಅನ್ನ, ಬೇಳೆ ಎರಡೂ ಬೆರಳಲ್ಲಿ ಅರೆದು ಅರೆದು ಬೆಣ್ಣೆ ಥರ ಮಾಡ್ದೆ. ಒಂದ್ ಕಾಳೂ ಗಟ್ಟಿ ಇರ್ಲಿಲ್ಲ.”

ಗಟ್ಟಿ. ನಾನು ಹೇಳಿದ್ದು ನೀರಲ್ಲದ್ದು ಎಂದು. ಅವರು ತಿಳಿದದ್ದು ಮೆತ್ತಗಿಲ್ಲದ್ದು ಎಂದು. ಅನ್ನ ಬೇಡ ಎಂದು ನಾನು ಏಕೆ ಅನ್ನಲಿಲ್ಲ? ದಿನವೂ ಮೂರು ಭಾಷೆ ಆಡುವವಳು, ಅವರ ಮಾತಿನಲ್ಲೇ ಚಾವಲ್ ಎನ್ನಲು ನನಗೆ ಬರುತ್ತಿರಲಿಲ್ಲವೇ? ಪಿಳ್ಳಮ್ಮನಿಗೆ ಆಡಿದ ಮಾತಿನಿಂದ ಯಾರೂ ಸಾಯಲಿಲ್ಲ, ಅದು ನನಗೂ ಒಳಗೆ ಗೊತ್ತಿತ್ತು. ಇದು ಹಾಗಲ್ಲ.

ಬರೆಯಲು ಕೈ ಓಡುತ್ತಿಲ್ಲ.

ಏಪ್ರಿಲ್ ೧೯, ಬುಧವಾರ

ನೋವು ನಿಂತಿದೆ. ನಿಂತದ್ದು ಒಳ್ಳೆಯದಕ್ಕಲ್ಲ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅಥವಾ ಗೊತ್ತಿದೆಯೋ. ದಿನವಿಡೀ ಅವಳ ಪಕ್ಕದಲ್ಲೇ ಕೂತೆ. ಸಂಜೆ ಮೇಟ್ರನ್ ಬಂದು, ನೀನು ನಿಂತಲ್ಲೇ ಬೀಳುತ್ತೀಯ, ಹೋಗಿ ಮಲಗು ಎಂದು ತೋಳು ಹಿಡಿದು ಎಬ್ಬಿಸಿದರು. ಜಹನಾರಾ ಕಣ್ಣು ತೆರೆದಳು. ಅವಳಿಗೆ ದನಿ ಇರಲಿಲ್ಲ, ಹುಬ್ಬು ಏರಿಸಿದಳು ಅಷ್ಟೇ. ಹೇಳದೆ ಹೋಗುತ್ತೀಯಾ ಎಂದು.

ಹೋಗಿ ಬರ್ತೀನಿ ಎಂದೆ. ಮೇಟ್ರನ್ ಇದ್ದರು, ವೆಂಕಟಮ್ಮ ಇದ್ದಳು, ವಾರ್ಡೆಲ್ಲ ಕೇಳಿಸಿಕೊಂಡಿತು. ಕೇಳಿಸಿಕೊಳ್ಳಲಿ.

ನಾಳೆ ಬೆಳಿಗ್ಗೆ ಆ ಮಂಚ ನೋಡಲು ನನ್ನಿಂದಾಗುವುದಿಲ್ಲ.

ಏಪ್ರಿಲ್ ೨೦, ಗುರುವಾರ

ನಾನು ಬಂದೆ. ಅವಳು ಬೆಳಕು ಹರಿಯುವ ಮುಂಚೆಯೇ ಹೊರಟುಹೋಗಿದ್ದಳು.

ಜಟಕಾದಲ್ಲಿ ಮನೆಗೆ ಒಯ್ದಿದ್ದರು. ಮೇಟ್ರನ್ನಿಗೆ ಹೇಳಿ ಹೋದೆನೋ ಇಲ್ಲವೋ ನೆನಪಿಲ್ಲ, ಬ್ಲ್ಯಾಕ್‌ಪಲ್ಲಿಯ ಆ ಗಲ್ಲಿಗೆ ನಡೆದುಕೊಂಡೇ ಹೋದೆ. ಮಾರ್ಕೆಟ್ಟಿನಲ್ಲಿ ಎಂದಿನ ಗಲಾಟೆ. ಮನೆಯ ಮುಂದೆ ನಜೀರ್ ಗೋಡೆಗೆ ಮುಖ ಮಾಡಿ ನಿಂತಿದ್ದ. ಒಳಗೆ ಹೆಂಗಸರು ಚಾದರ ಅಡ್ಡ ಹಿಡಿದು ಅವಳಿಗೆ ಕೊನೆಯ ಸ್ನಾನ ಮಾಡಿಸಲು ಸಿದ್ಧವಾಗುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಸ್ನಾನ ಮಾಡಿಸುವ ಮುದುಕಿ ನನ್ನ ಬಿಳೀ ಸೀರೆ ನೋಡಿ, ಇವಳು ಯಾರು, ಹೊರಗೆ ಹೋಗಲಿ ಎಂದಳು.

“ಮಗು ಮೈ ದಿನಾ ಒರೆಸಿದ್ದು ಇವ್ರೇ,” ಎಂದರು ಆಬಿದಾಬಿ. “ನೀವು ತೊಳೀರಿ. ನೀರು ಇವ್ರು ಹಾಕ್ಲಿ.” ಚೊಂಬನ್ನು ನನ್ನ ಕೈಗೆ ಕೊಟ್ಟರು.

ಬೋರೆ ಎಲೆ ಹಾಕಿ ಕಾಯಿಸಿದ ನೀರು. ವಾರ್ಡಿನಲ್ಲಿ ಮಾಡುತ್ತಿದ್ದ ಹಾಗೆ ಮೊಣಕೈ ಅದ್ದಿ ನೋಡಿದೆ. ಅವಳಿಗೆ ಬಿಸಿ ಹೆಚ್ಚಾಯಿತು ಅನಿಸಿತು. ತಣ್ಣೀರು ಬೆರೆಸಿ, ಮತ್ತೆ ನೋಡಿ, ಮೆಲ್ಲಗೆ ಹಾಕಿದೆ. ಕೂದಲಿಗೆ ಹಾಕುವಾಗ ಕಿವಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಹಿಡಿದೆ. ಹೊಟ್ಟೆಯ ಮೇಲೆ ಕೈಯಾಡಿಸುವಾಗ ಮುದುಕಿಯೂ ನಿಧಾನ ಮಾಡಿದಳು.

ಆಗ ಆಬಿದಾಬಿ ನನ್ನ ಕಡೆ ತಿರುಗಿದರು. “ಅಷ್ಟು ದಿನ ಬರೀ ನೀರು, ಸಿಸ್ಟರ್. ನಾನು ಆ ನಾಲ್ಕು ತುತ್ತೂ ಕೊಡ್ದೇ ಇದ್ದಿದ್ರೆ, ಮಗು ಹಸ್ಕೊಂಡೇ ಹೋಗ್ತಿತ್ತು. ಅದೊಂದೇ ನಂಗೆ ಸಮಾಧಾನ.” ಮತ್ತೆ ಕೇಳಿದರು, “ತಪ್ಪೇನೂ ಮಾಡ್ಲಿಲ್ಲ ಅಲ್ವಾ ನಾನು?”

ಅವರ ತಪ್ಪಲ್ಲ, ನನ್ನದು ಎಂದು ಹೇಳಿ ಅವರ ಕಾಲಿಗೆ ಬಿದ್ದು ಹಗುರಾಗಬಹುದಿತ್ತು. ಹೇಳಿದರೆ, ಮಗಳಿಗೆ ತಿನ್ನಿಸಿದ ತಮ್ಮ ಕೈಯೇ ಅವಳನ್ನು ಕೊಂದಿತೆಂದು ಅವರಿಗೆ ತಿಳಿಯುತ್ತಿತ್ತು.

“ಇಲ್ಲಮ್ಮ,” ಎಂದೆ. “ಹೊಟ್ಟೆ ತುಂಬಿಸ್ಕೊಂಡೇ ಹೋದ್ಲು.”

ಆಬಿದಾಬಿ ನನ್ನ ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡರು. ಮುದುಕಿ ಕಾಲಿಗೆ ಎಂದು ಸನ್ನೆ ಮಾಡಿದಳು. ಚೊಂಬಿನಲ್ಲಿ ನೀರು ತುಂಬಿಕೊಂಡೆ.